ಷಡ್ಡಕನ ಸ್ಕ್ರಿಪ್ಟು

ನನ್ನ ಷಡ್ಡಕ ಸಿನಿಮಾ ಸ್ಕ್ರಿಪ್ಟ್ ಬರೆದಿದ್ದಾನೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಮಾವನವರ ಮನೆಯಲ್ಲಿ, ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ. ಹೇಳಿದವಳು ನಾದಿನಿ, ಅಂದರೆ ನನ್ನ ಹೆಂಡತಿಯ ತಂಗಿ. ಗಂಡ ಹೊಸ ಚಪ್ಪಲಿ ತಗೊಂಡ ಅನ್ನುವಷ್ಟೇ ಸಲೀಸಾಗಿ ಹೇಳಿದಳು.

“ಇವರೂ ಒಂದು ಸಿನಿಮಾ ಬರೆದಿದಾರೆ ಭಾವ. ಒಂದೇ ತಿಂಗಳಲ್ಲಿ ಮುಗಿಸಿಬಿಟ್ರು.”

ತುತ್ತು ಗಂಟಲಲ್ಲೇ ನಿಂತಿತು. ಹೆಂಡತಿ ನನ್ನ ಮುಖ ಕೂಡ ನೋಡದೆ ನೀರಿನ ಲೋಟವನ್ನು ಮುಂದಕ್ಕೆ ಸರಿಸಿದಳು.

ಇದರಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು ಏನಿದೆ ಎನ್ನುವವರಿಗೆ ನನ್ನ ಕಥೆಯನ್ನು ಸ್ವಲ್ಪ ಹೇಳಬೇಕು. ನಾನು ಹನ್ನೆರಡು ವರ್ಷದಿಂದ ಸಿನಿಮಾಕ್ಕೆ ಬರೆಯುತ್ತಿದ್ದೇನೆ. ಸಿನಿಮಾದವರು ಅದನ್ನು ತೆಗೆದುಕೊಳ್ಳುತ್ತಿಲ್ಲ, ಅಷ್ಟೇ. ಆರು ಸ್ಕ್ರಿಪ್ಟ್ ಮುಗಿಸಿದ್ದೇನೆ, ಏಳನೆಯದನ್ನು ಮೂರು ಸಲ ತಿದ್ದಿ ಬರೆದಿದ್ದೇನೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಬಟ್ಟೆ ಬೀರುವಿನ ಎರಡೂ ಬಾಗಿಲಿಗೆ ದೃಶ್ಯಕ್ಕೊಂದರಂತೆ ಚೀಟಿ ಅಂಟಿಸಿದ್ದೇನೆ. ಹಗಲಿನ ದೃಶ್ಯಕ್ಕೆ ಹಳದಿ, ರಾತ್ರಿಯದಕ್ಕೆ ನೀಲಿ, ಯಾರಾದರೂ ಅಳುವುದಿದ್ದರೆ ಗುಲಾಬಿ. ಹೆಂಡತಿ ಬಟ್ಟೆ ತೆಗೆಯಲು ಬಾಗಿಲು ತೆರೆದಾಗೆಲ್ಲ ನನ್ನ ನಾಯಕ ನಾಯಕಿಯಿಂದ ಮೂರಡಿ ದೂರ ಹೋಗಿಬಿಡುತ್ತಾನೆ. ಒಂದು ಪುಟ ಬರೆದರೆ ತೆರೆಯ ಮೇಲೆ ಒಂದು ನಿಮಿಷ ಎನ್ನುವುದು ನಮ್ಮ ಕಸುಬಿನ ಲೆಕ್ಕ. ಹಾಗಾಗಿ ಬರೆದದ್ದನ್ನೆಲ್ಲ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಎಲ್ಲರ ಮಾತನ್ನೂ ನಾನೇ ಆಡಿ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಬೆಳಗಾಗೆದ್ದು ಜಗಳ ಆಡುವವರು ಯಾರು ಎಂದು ಪಕ್ಕದ ಮನೆಯವರು ಒಮ್ಮೆ ಹೆಂಡತಿಯನ್ನು ಕೇಳಿದರಂತೆ. ಅವರೊಬ್ಬರೇ, ಎಂದಳಂತೆ ಇವಳು.

ಹೊಟ್ಟೆಪಾಡಿಗೆ ಡಬ್ಬಿಂಗ್ ಮಾತು ಬರೆಯುತ್ತೇನೆ. ಬೇರೆ ಭಾಷೆಯ ಸಾಬೂನು, ಟೂತ್‌ಪೇಸ್ಟು, ಕುಕ್ಕರಿನ ಜಾಹೀರಾತುಗಳು ಬರುತ್ತವೆ. ತೆರೆಯ ಮೇಲಿನ ಹೆಂಗಸಿನ ತುಟಿ ಎಲ್ಲಿ ಕೂಡುತ್ತದೋ ಅಲ್ಲಿ ನಾನು ಬರೆದ ಮಾತಿನಲ್ಲೂ ಪ, ಬ, ಮ ಇರಬೇಕು. ದಿನಕ್ಕೆ ಆರು ಗಂಟೆ ಕಂಡವರ ತುಟಿ ನೋಡಿಕೊಂಡು ಕೂರುವ ಕೆಲಸ. ಇದರ ಜೊತೆಗೆ ಒಂದು ಸಿನಿಮಾ ಕಂಪನಿಗೆ ಓದುಗನಾಗಿಯೂ ಇದ್ದೇನೆ. ಹೊಸಬರು ಕಳಿಸಿದ ಸ್ಕ್ರಿಪ್ಟ್ ಓದಿ, ಇದು ಬೇಕು ಅಥವಾ ಬೇಡ ಎಂದು ಒಂದು ಪುಟದ ವರದಿ ಬರೆದುಕೊಡಬೇಕು. ನನ್ನಂಥ ಓದುಗರು ಅಲ್ಲಿ ನಾಲ್ವರಿದ್ದಾರೆ. ಸ್ಕ್ರಿಪ್ಟಿನ ಮೇಲೆ ಬರೆದವರ ಹೆಸರಿರುವುದಿಲ್ಲ, ನಂಬರು ಮಾತ್ರ ಇರುತ್ತದೆ.

ಆ ಕಂಪನಿ ಈ ವರ್ಷ ಒಬ್ಬನೇ ಒಬ್ಬ ಹೊಸ ಬರಹಗಾರನ ಸ್ಕ್ರಿಪ್ಟ್ ತೆಗೆದುಕೊಂಡು ಸಿನಿಮಾ ಮಾಡುವುದಾಗಿ ಹೇಳಿತ್ತು. ಓದುಗರೂ ತಮ್ಮದನ್ನು ಕೊಡಬಹುದು, ಅದನ್ನು ಇನ್ನೊಬ್ಬ ಓದುಗ ನೋಡುತ್ತಾನೆ ಎಂಬ ನಿಯಮವಿತ್ತು. ನನ್ನ ಏಳನೆಯದನ್ನು ಕೊಟ್ಟಿದ್ದೆ. ಸಮುದ್ರದ ನಡುವಿನ ದೀಪಸ್ತಂಭದಲ್ಲಿ ಒಂಟಿಯಾಗಿರುವ ಕಾವಲುಗಾರನ ಕಥೆ. ಸಮುದ್ರವನ್ನು ನಾನು ಕಂಡವನಲ್ಲ, ಆದರೆ ಪುಸ್ತಕದ ರಾಶಿ ಹಾಕಿಕೊಂಡು ಓದಿ ಬರೆದಿದ್ದೆ. ನನಗೆ ನಲವತ್ತೊಂದು ವರ್ಷ. ಇದೂ ಕೈಕೊಟ್ಟರೆ ಈ ಹುಚ್ಚಿಗೆ ಎಳ್ಳುನೀರು ಬಿಡುವುದು ಎಂದು ನಿರ್ಧರಿಸಿದ್ದೆ.

ಇನ್ನು ಷಡ್ಡಕ. ಅವನು ಲಿಫ್ಟ್ ಮೆಕ್ಯಾನಿಕ್ಕು, ನನಗಿಂತ ಎಂಟು ವರ್ಷ ಚಿಕ್ಕವನು. ಉಗುರಿನ ಸಂದಿಯಲ್ಲಿ ಯಾವಾಗಲೂ ಗ್ರೀಸು. ಒಳ್ಳೆಯವನು, ಮತ್ತು ಆ ಒಳ್ಳೆಯತನ ನನಗೆ ಮೊದಲಿಂದಲೂ ಮೈಗೆ ಒಗ್ಗಿಲ್ಲ. ಮಾವನವರ ಮನೆಯಲ್ಲಿ ಬಲ್ಬು ಹೋದರೂ ಅವನೇ ಬೇಕು, ನಲ್ಲಿ ಸೋರಿದರೂ ಅವನೇ ಬೇಕು. ಅತ್ತೆಯವರು ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ಆ ಮನೆಯಲ್ಲಿ ನನ್ನ ಪಾಲಿಗೆ ಉಳಿದಿದ್ದ ಮರ್ಯಾದೆ ಒಂದೇ. ಯಾರಾದರೂ ಬಂದರೆ ಮಾವನವರು ನನ್ನ ಕಡೆ ಕೈ ತೋರಿಸಿ, ನಮ್ಮ ದೊಡ್ಡಳಿಯಂದಿರು ರೈಟರ್ರು ಎನ್ನುತ್ತಿದ್ದರು. ಯಾವ ಸಿನಿಮಾ ಎಂದು ಬಂದವರು ಕೇಳುವುದರೊಳಗೆ ಮಾತು ಬದಲಿಸಿಬಿಡುತ್ತಿದ್ದರು. ಪಾಪ, ಅವರೂ ಒಳ್ಳೆಯವರೇ. ಚಿಕ್ಕಳಿಯ ಜಗತ್ತನ್ನೇ ರಿಪೇರಿ ಮಾಡಲಿ, ಬರೆಯುವವನು ಮಾತ್ರ ನಾನು ಎಂದುಕೊಂಡಿದ್ದೆ. ಈಗ ಅವನು ಅದಕ್ಕೂ ಕೈ ಹಾಕಿದ್ದ.

ನಿನಗೆ ಈ ಆಲೋಚನೆ ಎಲ್ಲಿಂದ ಬಂತಪ್ಪ ಎಂದು ಕೇಳಿದೆ, ನಗುವ ಹಾಗೆ ಮುಖ ಮಾಡಿಕೊಂಡು. ನೀವೇ ಹೇಳಿದ್ದಲ್ಲವೇ ಭಾವ, ಆ ಕಂಪನಿ ಹೊಸಬರದ್ದು ತಗೊಳ್ಳುತ್ತಿದೆ ಅಂತ, ಎಂದ. ಹೌದು, ನಾನೇ ಹೇಳಿದ್ದೆ. ಎರಡು ತಿಂಗಳ ಹಿಂದೆ ಇದೇ ಮೇಜಿನ ಮುಂದೆ, ಇದೇ ಕುರ್ಚಿಯಲ್ಲಿ ಕೂತು, ಜಂಬ ಕೊಚ್ಚಿಕೊಳ್ಳುತ್ತ. ಅವನು ಆ ವಾರವೇ ಶುರು ಮಾಡಿ, ಕೊನೆಯ ದಿನದ ಹಿಂದಿನ ದಿನ ಕೊಟ್ಟು ಬಂದಿದ್ದನಂತೆ.

ಊಟವಾದ ಮೇಲೆ ಒಂದು ಫೈಲು ತಂದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಕೊಟ್ಟಾಗಿದೆ, ಇನ್ನೇನೂ ತಿದ್ದೋಕಾಗಲ್ಲ, ಆದರೂ ಎಲ್ಲಿ ಎಡವಿದ್ದೇನೆ ಎಂದು ನಿಮ್ಮಿಂದ ಕಲಿತ ಹಾಗಾಗುತ್ತೆ, ಎಂದ. ಈ ವಾರ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ, ಮುಂದೆ ನೋಡೋಣ ಎಂದು ಫೈಲು ಮುಟ್ಟದೆ ಎದ್ದೆ. ಬಸ್ಸಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತ, ಈ ವಾರ ಬರೀ ಒಂದು ಕುಕ್ಕರ್ ಬಂದಿದೆ ಅಂತ ನಿನ್ನೆ ತಾನೆ ಅಂದಿರಲ್ಲ, ಎಂದಳು. ಅವಳು ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಹನಿಯಲ್ಲಿ ಏನೇನಿದೆ ಎಂದು ಹೇಳುವುದು ಅವಳ ಕಸುಬು.

ನಾಲ್ಕು ದಿನ ಬಿಟ್ಟು ಕಂಪನಿಯಿಂದ ನನಗೆ ಓದಲು ಮೂರು ಸ್ಕ್ರಿಪ್ಟ್ ಬಂದವು. ಅದರಲ್ಲಿ ಮೂವತ್ತೆಂಟನೇ ನಂಬರಿನದು ತೆರೆದರೆ, ಮೊದಲ ಸಾಲೇ ಹೀಗಿತ್ತು: “ಮೂರನೇ ಮತ್ತು ನಾಲ್ಕನೇ ಮಹಡಿ ನಡುವೆ. ಬೆಳಿಗ್ಗೆ 10.40. ಲಿಫ್ಟ್ ನಿಂತಿದೆ. ಒಳಗೆ ಜನ ನಾಲ್ಕು.” ಇದನ್ನು ಬರೆದವನು ಯಾರು ಎಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ.

ಪ್ರತಿ ಸ್ಕ್ರಿಪ್ಟಿನ ಜೊತೆ ಒಂದು ಚೀಟಿ ಇರುತ್ತದೆ. ಬರೆದವರು ಯಾರೆಂದು ತಿಳಿದಿದೆ, ತಿಳಿದಿಲ್ಲ, ಎರಡರಲ್ಲೊಂದಕ್ಕೆ ಗುರುತು ಹಾಕಬೇಕು. ತಿಳಿದಿದೆ ಎಂದರೆ ಅದನ್ನು ವಾಪಸು ತೆಗೆದುಕೊಂಡು ಬೇರೆಯವರಿಗೆ ಕೊಡುತ್ತಾರೆ. ನಾನು ತಿಳಿದಿಲ್ಲ ಎನ್ನುವುದಕ್ಕೆ ಗುರುತು ಹಾಕಿದೆ. ಸುಳ್ಳು ಹೇಳಬಾರದು, ಅವತ್ತು ನನಗೆ ಖುಷಿಯೇ ಆಗಿತ್ತು.

ಮೊದಲ ಎಂಟು ಪುಟ ಓದುತ್ತ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ದೃಶ್ಯದ ತಲೆಬರಹಗಳೆಲ್ಲ ಲಿಫ್ಟ್ ಸರ್ವೀಸಿನ ರಸೀದಿಯ ಹಾಗಿದ್ದವು. ಸಂಭಾಷಣೆಯೂ ವಿವರಣೆಯೂ ಒಂದರ ಮೈಮೇಲೊಂದು ಬಿದ್ದಿದ್ದವು. ನಿಂತ ಲಿಫ್ಟಿನೊಳಗೆ ಒಬ್ಬ ನಿವೃತ್ತ ಟೀಚರಮ್ಮ, ಹೂವಿನ ಕುಂಡ ತಲುಪಿಸಲು ಬಂದ ಒಬ್ಬ, ಮತ್ತು ಐದನೇ ಮಹಡಿಯ ವಕೀಲರ ಬಳಿಗೆ ವಿಚ್ಛೇದನದ ಸಹಿಗೆ ಹೊರಟ ಗಂಡ ಹೆಂಡತಿ. ಹೊರಗೆ ಬಾಗಿಲ ಸಂದಿಯಿಂದ ಅವರೊಂದಿಗೆ ಮಾತಾಡುತ್ತ ರಿಪೇರಿ ಮಾಡುವ ಮೆಕ್ಯಾನಿಕ್ಕು. ನಾಯಕ ಯಾರು ಅಂತಲೇ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ನಾಲ್ಕು ಸಾಲಿನಲ್ಲಿ ಮಂಗಳ ಹಾಡಬಹುದು ಎಂದುಕೊಂಡು ಒಂಬತ್ತನೇ ಪುಟ ತಿರುವಿದೆ.

ಒಂಬತ್ತನೇ ಪುಟದಲ್ಲಿ ಹೆಂಡತಿಗೆ ಉಸಿರು ಕಟ್ಟುತ್ತದೆ, ಆಸ್ತಮಾ. ಅದುವರೆಗೆ ಅವಳ ಕಡೆ ಬೆನ್ನು ಮಾಡಿ ನಿಂತಿದ್ದ ಗಂಡ ತಿರುಗಿ ಅವಳ ಚೀಲಕ್ಕೆ ಕೈ ಹಾಕಿ ಇನ್‌ಹೇಲರ್ ತೆಗೆದು ಕೊಡುತ್ತಾನೆ. ಷಡ್ಡಕ ಬರೆದಿದ್ದ: “ಚೀಲಕ್ಕೆ ಆರು ಜೇಬು ಇದೆ. ಯಾವ ಜೇಬು ಅಂತ ಅವನು ಹುಡುಕುವುದಿಲ್ಲ. ಅವಳು ಅದನ್ನು ನೋಡುತ್ತಾಳೆ.” ಅಷ್ಟೇ. ಒಂದು ಮಾತಿಲ್ಲ.

ನಾನು ಸ್ಕ್ರಿಪ್ಟ್ ಕೆಳಗಿಟ್ಟೆ. ಹೊಟ್ಟೆಕಿಚ್ಚು ಎಂಬುದನ್ನು ಜನ ಸುಮ್ಮನೆ ಮಾತಿಗೆ ಅನ್ನುತ್ತಾರೆ ಎಂದು ತಿಳಿದಿದ್ದೆ. ಅಲ್ಲ. ಅದು ಹೊಟ್ಟೆಯಲ್ಲೇ, ಎದೆಗೂಡಿನ ಸ್ವಲ್ಪ ಕೆಳಗೆ, ನಿಜವಾಗಿಯೂ ಉರಿಯುತ್ತದೆ. ನನ್ನ ಏಳು ಸ್ಕ್ರಿಪ್ಟುಗಳಲ್ಲಿ ಗಂಡ ಹೆಂಡತಿ ಎಷ್ಟೋ ಪುಟ ಮಾತಾಡಿದ್ದಾರೆ, ಅತ್ತಿದ್ದಾರೆ, ಬಾಗಿಲು ಧಡಾರನೆ ಹಾಕಿಕೊಂಡಿದ್ದಾರೆ. ಒಬ್ಬನಿಗೂ ಯಾವ ಜೇಬು ಎಂದು ಗೊತ್ತಿರಲಿಲ್ಲ. ಹನ್ನೆರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದವನು ನಾನು. ಜೇಬು ಸಿಕ್ಕಿದ್ದು ಗ್ರೀಸು ಕೈಯವನಿಗೆ, ಮೊದಲ ತಿಂಗಳಲ್ಲೇ.

ಇದು ಮುಂದೆ ಹೋಗಕೂಡದು ಎಂದು ಅಲ್ಲೇ ತೀರ್ಮಾನಿಸಿದೆ.

ಬೇಡ ಎಂದು ನಾಲ್ಕು ಸಾಲು ಗೀಚಿ ಕೊಟ್ಟಿದ್ದರೆ ಕೆಲಸ ಮುಗಿದಿರುತ್ತಿತ್ತು. ಆದರೆ ನಾಲ್ಕು ಸಾಲಿನಲ್ಲಿ ನನ್ನ ಸಿಟ್ಟು ಎಲ್ಲಿ ಹಿಡಿಸುತ್ತದೆ? ಯಾಕೆ ಬೇಡ ಎಂದು ಎಳೆಎಳೆಯಾಗಿ ತೋರಿಸಬೇಕೆನಿಸಿತು. ಮಾರನೇ ಬೆಳಿಗ್ಗೆ ಐದಕ್ಕಲ್ಲ, ನಾಲ್ಕಕ್ಕೇ ಎದ್ದೆ. ಕುಂಡದವನು ಇಲ್ಲಿ ದಂಡಪಿಂಡ ಎಂದು ಬರೆದೆ. ಬರೆದ ಮೇಲೆ ಕೈ ಸುಮ್ಮನಿರಲಿಲ್ಲ: ಅವನನ್ನು ತೆಗೆದುಹಾಕಿ ಕುಂಡವನ್ನು ಟೀಚರಮ್ಮನ ಕೈಗೆ ಕೊಟ್ಟರೆ, ಅವರು ಅದನ್ನು ಯಾರಿಗೆ ಒಯ್ಯುತ್ತಿದ್ದಾರೆ ಎಂಬ ಪ್ರಶ್ನೆ ನೋಡುವವರನ್ನು ಕೊನೆಯವರೆಗೂ ಹಿಡಿದಿಡುತ್ತದೆ. ವಿಚ್ಛೇದನದ ವಿಷಯ ಎರಡನೇ ಪುಟದಲ್ಲೇ ಹೇಳಿ ತಿಪ್ಪೆ ಸಾರಿಸಿದ್ದಾನೆ ಎಂದು ಬರೆದೆ. ಅದರ ಕೆಳಗೆ: ಜೇಬಿನ ದೃಶ್ಯ ಆದ ಮೇಲೆ ಅದು ಗೊತ್ತಾಗಬೇಕು, ಆಗ ಆ ಜೇಬಿನ ತೂಕ ಹತ್ತು ಪಟ್ಟು ಹೆಚ್ಚುತ್ತದೆ.

ಹೀಗೆ ಒಂದೊಂದು ತಪ್ಪು ಹಿಡಿದಾಗಲೂ ಅದು ಹೇಗಿರಬೇಕಿತ್ತು ಎಂದು ಬರೆಯದೆ ಮುಂದಿನದಕ್ಕೆ ಹೋಗಲು ನನ್ನಿಂದ ಆಗಲಿಲ್ಲ. ಹನ್ನೆರಡು ವರ್ಷದ ಚಟ. ಕೆಟ್ಟ ದೃಶ್ಯ ಕಂಡರೆ ಸುಮ್ಮನೆ ದಾಟಿಹೋಗುವವನಲ್ಲ ನಾನು. ಸ್ಟಾಪ್‌ವಾಚ್ ಹಿಡಿದು ಅವನ ಸಂಭಾಷಣೆ ಆಡಿದೆ, ಎಲ್ಲಿ ಎಳೆಯುತ್ತದೆ ಎಂದು ಸೆಕೆಂಡ್ ಸಮೇತ ಬರೆದೆ. ಟೀಚರಮ್ಮನ ಧ್ವನಿಯಲ್ಲಿ ಮಾತಾಡಿದೆ, ಗಂಡನ ಧ್ವನಿಯಲ್ಲಿ ಮಾತಾಡಿದೆ, ಒಮ್ಮೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂದು ಇನ್ನಷ್ಟು ರೇಗಿತು. ಡಬ್ಬಿಂಗ್ ಸ್ಟುಡಿಯೋದಲ್ಲಿ ಟೂತ್‌ಪೇಸ್ಟಿನ ಹೆಂಗಸು ಬಾಯಿ ತೆರೆದು ನಿಂತಿದ್ದರೆ ನಾನು ಲಿಫ್ಟಿನೊಳಗೆ ಇರುತ್ತಿದ್ದೆ. ಹನ್ನೊಂದು ದಿನ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಹೆಂಡತಿ ಕಾಫಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಯಾರದು ಇದು, ನಿಮ್ಮ ಸ್ವಂತದ್ದಕ್ಕೂ ನೀವು ಇಷ್ಟು ಒದ್ದಾಡಿದ್ದು ನಾನು ನೋಡಿಲ್ಲ, ಎಂದಳು. ಯಾರೋ ಹೊಸಬ, ಕತ್ತೆಬಡವ, ಎಂದೆ. ಅವಳು ಕಾಫಿಯನ್ನು ಮೇಜಿನ ಮೇಲಿಟ್ಟು ಹೋದಳು.

ಕೊನೆಗೆ ವರದಿ ಹತ್ತೊಂಬತ್ತು ಪುಟವಾಯಿತು. ಸ್ಟೇಪ್ಲರಿನ ಪಿನ್ನು ಅಷ್ಟು ಹಾಳೆ ದಾಟದೆ ಮುರಿದು, ದಾರ ಹಾಕಿ ಕಟ್ಟಿದೆ. ಕೊನೆಯ ಪುಟದ ಕೊನೆಗೆ, ಶಿಫಾರಸು: ಬೇಡ, ಎಂದು ಬರೆದು ಅಡಿಗೆರೆ ಎಳೆದೆ. ಅದನ್ನು ಕೊಟ್ಟು ಬಂದ ದಿನ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಮೂರು ವಾರದ ಮೇಲೆ ಕಂಪನಿಯಿಂದ ಫೋನು ಬಂತು. ಕಥೆ ವಿಭಾಗ ನೋಡಿಕೊಳ್ಳುವ ಮೇಡಂ ಬರಹೇಳಿದ್ದಾರೆ ಎಂದರು. ಆರಿಸುವ ಕೆಲಸ ಮುಗಿದಿದೆ ಎಂದು ಗೊತ್ತಿತ್ತು. ಓದುಗನನ್ನು ಸುಮ್ಮನೆ ಯಾಕೆ ಕರೆಯುತ್ತಾರೆ? ಏಳನೆಯದು ಗೆದ್ದಿತು ಎಂದುಕೊಂಡು ಇಸ್ತ್ರಿ ಮಾಡಿದ ಶರ್ಟು ಹಾಕಿದೆ. ಅವರ ಆಫೀಸು ಮೂರನೇ ಮಹಡಿ. ಕೆಲವು ದಿನಗಳಿಂದ ಲಿಫ್ಟ್ ಕಂಡರೆ ನನಗೆ ಮೈ ಉರಿಯುತ್ತಿದ್ದುದರಿಂದ ಮೆಟ್ಟಿಲು ಹತ್ತಿಯೇ ಹೋದೆ. ಏದುಸಿರು ಬಿಡುತ್ತ ಒಳಗೆ ಕಾಲಿಟ್ಟೆ.

ಮೇಡಂ ಕೋಣೆಯಲ್ಲಿ ಏಸಿಯ ನೀರು ಒಂದು ಪ್ಲಾಸ್ಟಿಕ್ ಮಗ್ಗಿಗೆ ತೊಟ್ಟಿಕ್ಕುತ್ತಿತ್ತು. ಗೋಡೆಯುದ್ದಕ್ಕೂ ನೆಲದ ಮೇಲೆ ಸ್ಕ್ರಿಪ್ಟುಗಳ ಕಟ್ಟು. ಅವರು ಕನ್ನಡಕ ಹಣೆಗೇರಿಸಿ, ದಾರ ಕಟ್ಟಿದ ನನ್ನ ವರದಿಯನ್ನು ಕೈಗೆತ್ತಿಕೊಂಡರು.

“ಮೂವತ್ತೆಂಟು ತಗೊಳ್ತಿದೀವಿ,” ಎಂದರು.

ನಾನು ಬೇಡ ಎಂದು ಬರೆದಿದ್ದೆನಲ್ಲ ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಡಬ್ಬಿಂಗ್ ತರ ಕೇಳಿಸಿತು.

“ಬರೆದಿದ್ದೀರಿ. ಆದ್ರೆ ನಾನು ಇಪ್ಪತ್ತು ವರ್ಷದಿಂದ ಓದುಗರ ವರದಿ ಓದ್ತಿದೀನಿ. ನಿಜವಾಗ್ಲೂ ಬೇಡ ಅನ್ನೋರು ನಾಲ್ಕು ಸಾಲು ಬರೀತಾರೆ. ಕೆಟ್ಟ ಸ್ಕ್ರಿಪ್ಟ್ ಜೊತೆ ಯಾರೂ ಹತ್ತೊಂಬತ್ತು ಪುಟ ಗುದ್ದಾಡಲ್ಲ. ಇದನ್ನ ನೋಡಿದ್ಮೇಲೇನೇ ನಾನು ಆ ಸ್ಕ್ರಿಪ್ಟನ್ನ ಕೈಗೆ ತಗೊಂಡಿದ್ದು.”

ನಿಮ್ಮ ಹೆಸರು ತೆಗೆದು ವರದಿಯ ನಕಲನ್ನು ಬರೆದವರಿಗೇ ಕೊಟ್ಟಿದ್ದೇವೆ, ಅದನ್ನಿಟ್ಟುಕೊಂಡು ತಿದ್ದುತ್ತಿದ್ದಾರೆ, ಥ್ಯಾಂಕ್ಸ್ ಹೇಳಲು ಕರೆದೆ ಎಂದರು. ನಾನು ನಾಚಿಕೆ ಬಿಟ್ಟು, ಹನ್ನೆರಡನೇ ನಂಬರಿನದು ಏನಾಯಿತು ಎಂದು ಕೇಳಿದೆ. ಅದು ನನ್ನದು ಎಂದು ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. ಹುಡುಕಿ ತೆಗೆದು, ಮೇಲಿದ್ದ ವರದಿಯನ್ನು ನನ್ನ ಕೈಗೇ ಕೊಟ್ಟರು. ನಾಲ್ಕು ಸಾಲಿತ್ತು. ಅಚ್ಚುಕಟ್ಟಾಗಿದೆ. ದೃಶ್ಯಗಳ ಜೋಡಣೆ ಸರಿಯಾಗಿದೆ. ಕಾಗುಣಿತದ ತಪ್ಪಿಲ್ಲ. ಅವಧಿ ನೂರಾ ಹತ್ತು ನಿಮಿಷ.

ಒಂದು ಬೈಗುಳ ಇದ್ದಿದ್ದರೆ ಎದೆಗವಚಿಕೊಳ್ಳುತ್ತಿದ್ದೆ. ನಾನು ಮತ್ತೆ ಮತ್ತೆ ಓದುವುದನ್ನು ನೋಡಿ ಮೇಡಂ ಮೆಲ್ಲಗೆ, ಇದರ ಮೇಲೆ ಯಾರಿಗೂ ಕೋಪ ಬಂದಿಲ್ಲ ನೋಡಿ, ಎಂದರು.

ಭಾನುವಾರ ಮಾವನವರ ಮನೆಗೆ ಹೋಗದೆ ತಪ್ಪಿಸಿಕೊಳ್ಳಲು ತಲೆನೋವಿನ ನೆಪ ಹೂಡಿದೆ. ಹೆಂಡತಿ ಮಾತ್ರೆ ಕೊಟ್ಟು ಕರೆದುಕೊಂಡು ಹೋದಳು. ಷಡ್ಡಕ ಮನೆಯ ಮಧ್ಯೆ ನಿಂತಿದ್ದ, ಮುಖ ಅಗಲವಾಗಿತ್ತು. ಮಾವನವರು ನನ್ನನ್ನು ಕಂಡವರೇ, ನಮ್ಮನೇಲಿ ಈಗ ಇಬ್ಬರು ರೈಟರ್ರು ಎಂದರು. ಇಬ್ಬರು ಎಂದರಲ್ಲ, ಅದು ನನ್ನನ್ನು ಕೊಂದಿತು. ನನ್ನನ್ನು ಬಿಟ್ಟು ಒಬ್ಬನೇ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಷಡ್ಡಕ ನನ್ನ ಪಕ್ಕಕ್ಕೇ ಬಂದು ಕೂತು ಹತ್ತೊಂಬತ್ತು ಪುಟ ತೆಗೆದ. ಬಹುಪಾಲು ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದ. ಯಾರೋ ಪುಣ್ಯಾತ್ಮ ಭಾವ, ಎಂದ. ಬೈದಿದ್ದಾನೆ, ಹಿಗ್ಗಾಮುಗ್ಗಾ ಬೈದಿದ್ದಾನೆ, ಆದರೆ ಒಂದು ಪುಟವನ್ನೂ ಬಿಟ್ಟಿಲ್ಲ, ನಾನು ಬರೆದದ್ದನ್ನು ನನಗಿಂತ ಚೆನ್ನಾಗಿ ಓದಿದ್ದಾನೆ, ಸಿಕ್ಕಿದರೆ ಕಾಲು ಹಿಡಿಯುತ್ತೇನೆ ಎಂದ. ನಾನು ಉಗುರು ನೋಡಿಕೊಳ್ಳುತ್ತ ಹೂಂ ಅಂದೆ. ಹೆಂಡತಿ ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡಳು. ಒಂದು ಪುಟ ಓದಿದಳು. ಇನ್ನೊಂದು ಪುಟ ಓದಿದಳು. ತಿಪ್ಪೆ ಸಾರಿಸಿದ್ದಾನೆ ಎಂಬಲ್ಲಿ ಅವಳ ಬೆರಳು ನಿಂತಿತು. ಈ ಮಾತನ್ನು ಅವಳು ನನ್ನ ಬಾಯಲ್ಲಿ ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದಾಳೆ. ಹಾಳೆಗಳನ್ನು ಸರಿಯಾಗಿ ಜೋಡಿಸಿ ಅವನಿಗೆ ವಾಪಸು ಕೊಟ್ಟಳು.

ನಮ್ಮ ಸ್ಟಾಪಿನಲ್ಲಿ ಬಸ್ಸಿಳಿದೆವು. ಇಳಿದ ಮೇಲೆ, ಅದು ಅವನದು ಅಂತ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದೆ. ಆದರೇನು, ಅವನಿಗೆ ಒಳ್ಳೆಯದೇ ಆಯಿತಲ್ಲ, ಕೆಟ್ಟದ್ದೇನಾಯಿತು ಎಂದೂ ಸೇರಿಸಿದೆ.

“ಒಳ್ಳೇದಾಗ್ಲಿ ಅಂತ ಬರೆದ್ರಾ?”

ನಾನು ಜೇಬಿನಲ್ಲಿ ಮನೆಯ ಬೀಗದ ಕೈ ಹುಡುಕತೊಡಗಿದೆ.

“ಹಾಗಾದ್ರೆ ನೀವು ಹೇಳ್ತೀರೋ, ನಾನು ಹೇಳ್ಲೋ? ಅವನು ಯಾರ್ದೋ ಕಾಲು ಹಿಡೀತೀನಿ ಅಂತ ಓಡಾಡ್ತಿದಾನೆ. ನನ್ ತಂಗಿ ಗಂಡ ಅವನು.”

ಎರಡು ದಿನ ಸತಾಯಿಸಿದೆ. ಮಂಗಳವಾರ ಮಧ್ಯಾಹ್ನ ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದೆ. ಒಂಬತ್ತು ಮಹಡಿಯ ಮೇಲೆ, ತಾರಸಿಯಲ್ಲಿ, ಲಿಫ್ಟಿನ ಮೋಟಾರು ಕೋಣೆ. ಬಾಗಿಲು ತೆಗೆದರೆ ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ನಡುವೆ ದೊಡ್ಡ ಗಾಲಿಯ ಮೇಲೆ ಉಕ್ಕಿನ ಹಗ್ಗಗಳು ಸರಿಯುತ್ತಿದ್ದವು, ಗೋಡೆಯ ಪೆಟ್ಟಿಗೆಯೊಳಗೆ ಏನೋ ಟಕ್ ಟಕ್ ಎನ್ನುತ್ತಿತ್ತು. ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಷಡ್ಡಕ ಕೂತಿದ್ದ. ತೊಡೆಯ ಮೇಲೆ ಒಂದು ರಟ್ಟು, ಅದರ ಮೇಲೆ ಹಳೆಯ ಸರ್ವೀಸ್ ರಸೀದಿಗಳ ಕಟ್ಟು, ಅವುಗಳ ಬೆನ್ನಿಗೆ ದೃಶ್ಯ ಬರೆಯುತ್ತಿದ್ದ. ರಿಪೇರಿ ಆದ ಮೇಲೆ ಲಿಫ್ಟನ್ನು ಒಂದು ಗಂಟೆ ಖಾಲಿ ಓಡಿಸಿ ನೋಡಬೇಕಂತೆ. ಅವನು ಬರೆದದ್ದೆಲ್ಲ ಆ ಒಂದೊಂದು ಗಂಟೆಗಳಲ್ಲಿ. ಅವನಿಗೆ ಬೀರುವಿಲ್ಲ, ಬಣ್ಣದ ಚೀಟಿಯಿಲ್ಲ, ಸ್ಟಾಪ್‌ವಾಚಿಲ್ಲ.

ನನ್ನನ್ನು ಕಂಡು ಗಾಬರಿಯಿಂದ ಎದ್ದ, ಮನೆಯಲ್ಲಿ ಏನಾದರೂ ಆಯಿತೇ ಎಂದು. ಏನಿಲ್ಲ ಎಂದೆ. ಬಸ್‌ಸ್ಟಾಪಿನಿಂದ ಒಂದು ನಯವಾದ ಮಾತು ಜೋಡಿಸಿಕೊಂಡು ಬಂದಿದ್ದೆ, ಅದು ಬಾಯಿಗೆ ಬರಲಿಲ್ಲ.

“ಆ ವರದಿ ಬರೆದಿದ್ದು ನಾನು. ನಿಂದು ಅಂತ ಗೊತ್ತಿದ್ದೇ ಬರೆದೆ. ಬಿದ್ದುಹೋಗ್ಲಿ ಅಂತ ಬರೆದೆ. ನಿಂಗೆ ಒಳ್ಳೇದಾಗ್ಲಿ ಅಂತ ಅದ್ರಲ್ಲಿ ಒಂದಕ್ಷರಾನೂ ಇಲ್ಲ. ನಂಗೆ ಹೊಟ್ಟೆ ಉರೀತು, ಅಷ್ಟೇ.”

ಅವನು ಚಿಂದಿ ಬಟ್ಟೆಯಿಂದ ಕೈ ಒರೆಸಿಕೊಳ್ಳತೊಡಗಿದ. ಒಂದೊಂದೇ ಬೆರಳು. ಹಗ್ಗ ಒಂದು ಸಲ ಕೆಳಗಿನವರೆಗೂ ಹೋಗಿ ಬರುವಷ್ಟು ಹೊತ್ತು ಒರೆಸಿದ. ಬೈಯುತ್ತಾನೆ, ಇಲ್ಲವೇ ಕೈ ಎತ್ತುತ್ತಾನೆ, ಎರಡಕ್ಕೂ ನಾನು ತಯಾರಾಗಿದ್ದೆ. ಅವನು ಆಡಬಹುದಾದ ಮಾತುಗಳನ್ನೂ ಬಸ್ಸಿನಲ್ಲೇ ಮೂರು ತರ ಬರೆದುಕೊಂಡಿದ್ದೆ, ಮನಸ್ಸಿನಲ್ಲಿ.

ಅವನು ಬಗ್ಗಿ ಟೂಲ್ ಬ್ಯಾಗಿನಿಂದ ಆ ಹತ್ತೊಂಬತ್ತು ಪುಟ ತೆಗೆದ. ಹದಿನಾಲ್ಕನೆಯದನ್ನು ತಿರುವಿ ನನ್ನ ಮುಂದೆ ಹಿಡಿದ.

“ಹಂಗಾದ್ರೆ ಇದನ್ನ ನಿಮ್ಮನ್ನೇ ಕೇಳ್ಬೇಕು. ಕೊನೇ ಹತ್ತು ನಿಮಿಷ ಹೊರಗಿರೋ ಮೆಕ್ಯಾನಿಕ್ಕು ಸುಮ್ಮನಾಗ್ಬೇಕು, ಆಗ ನೋಡೋರಿಗೆ ಭಯ ಜಾಸ್ತಿ ಆಗತ್ತೆ ಅಂತ ಬರೆದಿದ್ದೀರಿ. ಅದು ಆಗಲ್ಲ ಭಾವ. ನಾವು ಸುಮ್ಮನಾಗಿಬಿಟ್ರೆ ಒಳಗಿರೋರು, ಇವನು ನಮ್ಮನ್ನ ಬಿಟ್ಟು ಹೋದ ಅಂದ್ಕೊಳ್ತಾರೆ. ಅದಕ್ಕೇ ಬಾಯಿಗೆ ಬಂದಿದ್ದು ಮಾತಾಡ್ತಾನೇ ಇರ್ತೀವಿ. ಏನೂ ಇಲ್ದಿದ್ರೆ, ಈಗ ಹದಿನೇಳರ ಸ್ಪ್ಯಾನರ್ ತಗೊಂಡೆ ಅಂತಾದ್ರೂ ಹೇಳ್ತೀವಿ. ಸುಮ್ಮನಿರ್ಬೇಕು ಅಂತ ಯಾಕೆ ಬರೆದ್ರಿ?”

ನಿನಗೆ ಕೋಪ ಬರಲಿಲ್ಲವೇನೋ ಎಂದು ಕೇಳಿದೆ.

“ಬಂತು. ಅದನ್ನ ಆಮೇಲೆ ಮಾಡ್ಕೊಳ್ತೀನಿ. ಶುಕ್ರವಾರ ಇದನ್ನ ಕೊಡ್ಬೇಕು. ಮೊದ್ಲು ಇದು ಹೇಳಿ.”

ನಾನು ಅವನ ಜಾಗದಲ್ಲಿದ್ದಿದ್ದರೆ ಆ ಹಾಳೆಗಳನ್ನು ಹರಿದು ಮುಖಕ್ಕೆ ಎಸೆಯುತ್ತಿದ್ದೆ. ಮಾವನವರ ಮನೆಯವರನ್ನೆಲ್ಲ ಸೇರಿಸಿ ನ್ಯಾಯ ಕೇಳುತ್ತಿದ್ದೆ. ಆ ಮೆಕ್ಯಾನಿಕ್ಕು ಮಾತಾಡಬೇಕೋ ಸುಮ್ಮನಿರಬೇಕೋ ಎಂಬುದು ನನಗೆ ಆ ಹೊತ್ತಿನಲ್ಲಿ ನೆನಪೂ ಆಗುತ್ತಿರಲಿಲ್ಲ. ಅವನಿಗೆ ಸಿನಿಮಾ ಸಿಕ್ಕಿದೆ ಎಂದಾಗ ಉರಿದದ್ದು ಏನೂ ಅಲ್ಲ. ಈಗ, ಆ ಬಿಸಿ ಕೋಣೆಯಲ್ಲಿ, ಗ್ರೀಸಿನ ಬೆರಳನ್ನು ಆ ಸಾಲಿನ ಮೇಲಿಟ್ಟು ಉತ್ತರಕ್ಕೆ ಕಾಯುತ್ತ ನಿಂತಿದ್ದ ಅವನನ್ನು ಕಂಡು ಆದಷ್ಟು ಹೊಟ್ಟೆಕಿಚ್ಚು ನನಗೆ ಜನ್ಮದಲ್ಲಿ ಯಾರ ಮೇಲೂ ಆಗಿರಲಿಲ್ಲ. ನನಗೆ ಬೇಕಾಗಿದ್ದುದು ರೈಟರ್ರು ಅನ್ನಿಸಿಕೊಳ್ಳುವುದು. ಇವನಿಗೆ ಬೇಕಾಗಿದ್ದುದು ಆ ದೃಶ್ಯ.

ಉತ್ತರ ನನಗೆ ಗೊತ್ತಿತ್ತು. ಒಂದು ಕ್ಷಣ ಅದನ್ನೂ ಮುಚ್ಚಿಟ್ಟುಕೊಳ್ಳೋಣ ಎನ್ನಿಸಿತು, ಸುಳ್ಳು ಹೇಳಲಾರೆ.

“ಅದು ನನ್ ತಪ್ಪು,” ಎಂದೆ. “ನಂಗೆ ಲಿಫ್ಟ್ ಗೊತ್ತಿಲ್ಲ. ಅವನು ಮಾತಾಡ್ತಾನೇ ಇರ್ಲಿ.”

ಷಡ್ಡಕ ತಲೆಯಾಡಿಸಿದ. ಬಕೆಟ್ಟಿನ ಮೇಲೆ ಕೂತು, ಕೆಂಪು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ನಾನು ಬರೆದಿದ್ದ ಆ ಸಾಲನ್ನು ಹೊಡೆದುಹಾಕಿದ. ಆಮೇಲೆ ಹದಿನೈದನೇ ಪುಟ ತಿರುವಿದ.